ತಲೆಗಿಷ್ಟು ಎಂಬ ಲೆಕ್ಕ

ಅಮೆರಿಕದ ಐಡಾಹೊ ರಾಜ್ಯದಲ್ಲಿ ಪೊಕಟೆಲೊ ಎಂಬ ಊರಿದೆ. 2017ರ ಮಾರ್ಚ್‌ನಲ್ಲಿ ಅಲ್ಲಿನ ಹದಿನಾಲ್ಕು ವರ್ಷದ ಹುಡುಗನೊಬ್ಬ ನಾಯಿಯನ್ನು ಕರೆದುಕೊಂಡು ಮನೆಯ ಹಿಂದಿನ ಗುಡ್ಡ ಹತ್ತಿದ. ನೆಲದಿಂದ ಒಂದಿಷ್ಟು ಮೇಲಕ್ಕೆ ಇಣುಕುತ್ತಿದ್ದ ಕೊಳವೆಯೊಂದು ಕಣ್ಣಿಗೆ ಬಿತ್ತು. ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಇರಬೇಕೆಂದುಕೊಂಡು ಮುಟ್ಟಿದ. ಸದ್ದಿನೊಂದಿಗೆ ಪುಡಿಯೊಂದು ಸಿಡಿಯಿತು. ಹುಡುಗ ಹೇಗೋ ಬದುಕಿಕೊಂಡ. ನಾಯಿ ಅವನ ಕಣ್ಣೆದುರೇ ಒದ್ದಾಡಿ ಸತ್ತಿತು. ಆ ಪುಡಿ ಸೋಡಿಯಂ ಸಯನೈಡ್. ಅದನ್ನು ಅಲ್ಲಿ ಹೂತಿಟ್ಟವರು ಕಳ್ಳಬೇಟೆಗಾರರಲ್ಲ, ಒಕ್ಕೂಟ ಸರ್ಕಾರದ ಸಂಬಳ ತಿನ್ನುವ ನೌಕರರು. ಅವರ ಸಂಸ್ಥೆಯ ಹೆಸರು ವೈಲ್ಡ್‌ಲೈಫ್ ಸರ್ವಿಸಸ್. ಅದು ಇರುವುದು ಕೃಷಿ ಇಲಾಖೆಯ ಅಡಿಯಲ್ಲಿ.

ಈ ಸಾಧನವನ್ನು ಎಂ-44 ಎನ್ನುತ್ತಾರೆ. ಟೊಳ್ಳಾದ ಲೋಹದ ಗೂಟವನ್ನು ನೆಲಕ್ಕೆ ಬಡಿಯುತ್ತಾರೆ. ಒಳಗೊಂದು ಸ್ಪ್ರಿಂಗು, ಅದರ ಮೇಲೆ ಸಯನೈಡ್ ತುಂಬಿದ ಗುಳಿಗೆ, ತುದಿಗೆ ಮೂಗಿಗೆ ರಾಚುವ ವಾಸನೆಯ ಲೇಪ. ನಮ್ಮ ನರಿಗಿಂತ ದೊಡ್ಡದಾದ, ತೋಳಕ್ಕಿಂತ ಚಿಕ್ಕದಾದ ಅಲ್ಲಿನ ಕೊಯೊಟಿ ವಾಸನೆ ಹಿಡಿದು ಬಂದು, ಮೂಸಿ, ಹಲ್ಲಿನಿಂದ ಕಚ್ಚಿ ಎಳೆದ ಕೂಡಲೇ ಸ್ಪ್ರಿಂಗು ಚಿಮ್ಮಿ ಪುಡಿಯನ್ನು ನೇರವಾಗಿ ಬಾಯೊಳಕ್ಕೆ ಉಗಿಯುತ್ತದೆ. ಜೊಲ್ಲಿನ ಪಸೆ ತಾಗಿದರೆ ಅದೇ ವಿಷಾನಿಲವಾಗುತ್ತದೆ. ಆಮೇಲೆ ಕೆಲವು ನಿಮಿಷಗಳ ಮಾತು. ಎಳೆದದ್ದು ಕೊಯೊಟಿಯೋ, ಸಾಕುನಾಯಿಯೋ, ಮನುಷ್ಯರ ಮಗುವೋ ಎಂದು ತಿಳಿಯುವ ಶಕ್ತಿ ಅದಕ್ಕಿಲ್ಲ. 2023ರ ಕೊನೆಗೆ ಅಮೆರಿಕದ ಭೂನಿರ್ವಹಣಾ ಇಲಾಖೆ ತನ್ನ ವಶದಲ್ಲಿರುವ ಜಮೀನಿನಲ್ಲಿ ಎಂ-44 ಬಳಸುವುದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು.

ಆದರೆ ನನ್ನ ತಕರಾರು ಆ ಗೂಟದ ಮೇಲಲ್ಲ. ಗೂಟ ಕಿತ್ತು ಹೆಲಿಕಾಪ್ಟರಿನಿಂದ ಗುಂಡು ಹೊಡೆದರೂ ತಕರಾರು ಹಾಗೆಯೇ ಉಳಿಯುತ್ತದೆ. ಬೇಟೆಯಾಡಿ ಬದುಕುವ ಪ್ರಾಣಿಗಳನ್ನು ಬೊಕ್ಕಸದ ಹಣದಲ್ಲಿ ಕೊಲ್ಲಿಸುವುದನ್ನು ಸರ್ಕಾರವೊಂದು ತನ್ನ ನಿತ್ಯದ ಕಸುಬು ಮಾಡಿಕೊಂಡರೆ, ಕುರಿ ಕಾಯಲೆಂದು ಶುರುವಾದ ಆ ಕಸುಬು ಕ್ರಮೇಣ ಕುರಿಯನ್ನು ಮರೆತು ಹೆಣ ಎಣಿಸುವುದರಲ್ಲಿ ಮುಳುಗುತ್ತದೆ. ವರ್ಷದ ಕೊನೆಗೆ ತೋರಿಸಲು ಕೈಯಲ್ಲಿ ಸಿಗುವುದು ಹೆಣದ ಲೆಕ್ಕ ಒಂದೇ. ಎಷ್ಟು ಕುರಿ ಉಳಿಯಿತು ಎಂಬುದನ್ನು ಅಳೆಯುವುದು ಕಷ್ಟ. ಎಷ್ಟು ಕೊಯೊಟಿ ಸತ್ತವು ಎಂಬುದನ್ನು ಯಾವ ಗುಮಾಸ್ತನಾದರೂ ಬರೆದಿಡಬಲ್ಲ.

ಈ ಕಸುಬಿಗೆ ಅಮೆರಿಕದಲ್ಲಿ ನೂರು ವರ್ಷ ದಾಟಿದೆ. 1915ರಲ್ಲಿ ಅಲ್ಲಿನ ಸಂಸತ್ತು ತೋಳ ಮತ್ತಿತರ ಪ್ರಾಣಿಗಳ ನಿಗ್ರಹಕ್ಕೆಂದು 1,25,000 ಡಾಲರ್ ಕೊಟ್ಟಿತು. 1931ರಲ್ಲಿ ಅದಕ್ಕೆಂದೇ ಕಾಯಿದೆ ಬಂತು. ಆ ಕಾಯಿದೆ ಇವತ್ತಿಗೂ ಜೀವಂತ. 2023ರ ಒಂದೇ ವರ್ಷದಲ್ಲಿ ಈ ಸಂಸ್ಥೆ ಕೊಂದ ಕೊಯೊಟಿಗಳು 68 ಸಾವಿರಕ್ಕೂ ಹೆಚ್ಚು, ತೋಳಗಳು 300ಕ್ಕೂ ಹೆಚ್ಚು. ಬಿಲದೊಳಗೇ ಉಸಿರುಗಟ್ಟಿಸಿ ಕೊಂದ ಮರಿಗಳು ಈ ಲೆಕ್ಕದಲ್ಲಿ ಇಲ್ಲ. ಇದೇ ಸಂಸ್ಥೆ ವಿಮಾನ ನಿಲ್ದಾಣಗಳಲ್ಲಿ ಹಕ್ಕಿಗಳು ಎಂಜಿನ್ನಿಗೆ ಸಿಕ್ಕದಂತೆ ಓಡಿಸುತ್ತದೆ, ಕಾಡುಪ್ರಾಣಿಗಳಿಗೆ ರೇಬೀಸ್ ಲಸಿಕೆಯ ಉಂಡೆ ಎಸೆಯುತ್ತದೆ. ಅದನ್ನು ಯಾರೂ ಬೇಡವೆನ್ನುತ್ತಿಲ್ಲ.

ಇಷ್ಟೆಲ್ಲ ಕೊಂದದ್ದರಿಂದ ಏನಾಯಿತು?

ಕೊಯೊಟಿ ಮೂಲತಃ ಉತ್ತರ ಅಮೆರಿಕದ ಪಶ್ಚಿಮದ ಬಯಲು ಸೀಮೆಯ ಪ್ರಾಣಿ. ನೂರು ವರ್ಷ ವಿಷ, ಗುಂಡು, ಉರುಲು ಎಲ್ಲ ಕಂಡ ಮೇಲೆ ಇವತ್ತು ಅದು ಹವಾಯಿ ಒಂದನ್ನು ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ಷಿಕಾಗೊ ನಗರದ ನಡುವೆ ಸಂಸಾರ ಹೂಡಿದೆ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಓಡಾಡುತ್ತದೆ, ದಕ್ಷಿಣಕ್ಕೆ ಪನಾಮದವರೆಗೂ ಇಳಿದಿದೆ. ಅದನ್ನು ಹದ್ದುಬಸ್ತಿನಲ್ಲಿಡುತ್ತಿದ್ದ ತೋಳವನ್ನು ಸರ್ಕಾರವೇ ಮುಗಿಸಿಕೊಟ್ಟದ್ದು ಇದಕ್ಕೊಂದು ಕಾರಣ. ಇನ್ನೊಂದು ಕಾರಣ ಅದರ ಸಂಸಾರದ ಕಟ್ಟಿನಲ್ಲೇ ಇದೆ. ನೆಮ್ಮದಿಯಾಗಿರುವ ಕೊಯೊಟಿ ಗುಂಪಿನಲ್ಲಿ ಸಾಮಾನ್ಯವಾಗಿ ಯಜಮಾನ ಜೋಡಿಯೊಂದೇ ಮರಿ ಹಾಕುತ್ತದೆ. ಉಳಿದವು ಆ ಮರಿಗಳನ್ನು ಸಾಕಲು ನೆರವಾಗುತ್ತವೆ. ಜೋಡಿಯನ್ನು ಹೊಡೆದರೆ ಕಟ್ಟು ಒಡೆಯುತ್ತದೆ. ಚಿಕ್ಕ ವಯಸ್ಸಿನ ಹೆಣ್ಣುಗಳೂ ಬೆದೆಗೆ ಬರುತ್ತವೆ. ಉಳಿದ ಬಾಯಿಗಳಿಗೆ ಆಹಾರ ಹೇರಳವಾಗಿ ಸಿಗುವುದರಿಂದ ಹುಟ್ಟುವ ಮರಿಗಳೂ ಹೆಚ್ಚು, ಬದುಕುವವೂ ಹೆಚ್ಚು. ಖಾಲಿ ಬಿದ್ದ ನೆಲಕ್ಕೆ ಅಕ್ಕಪಕ್ಕದ ಒಂಟಿ ಕೊಯೊಟಿಗಳು ನುಗ್ಗುತ್ತವೆ. ಕಾನಲಿ ಮತ್ತು ಲಾಂಗ್‌ಹರ್ಸ್ಟ್ ಎಂಬ ತಜ್ಞರು 1975ರಲ್ಲೇ ಲೆಕ್ಕ ಹಾಕಿ, ವರ್ಷ ವರ್ಷವೂ ನೂರಕ್ಕೆ ಎಪ್ಪತ್ತರಷ್ಟನ್ನು ಕೊಂದರೂ ಕೊಯೊಟಿಯ ಸಂತತಿ ತಡೆದುಕೊಳ್ಳಬಲ್ಲದು ಎಂದಿದ್ದರು. ಗರಿಕೆಯನ್ನು ಮೇಲಿಂದ ಸವರಿದರೆ ಏನಾಗುತ್ತದೆಂದು ತೋಟ ಮಾಡಿದವರಿಗೆ ಗೊತ್ತು. ಮರಿಗಳಿಗೆ ಉಣಿಸಬೇಕಾದ ಜೋಡಿಗೆ ಮೊಲ, ಇಲಿಗಿಂತ ಕುರಿಮರಿ ದೊಡ್ಡ ತುತ್ತು ಎಂಬುದೂ ಇಲ್ಲಿ ಸೇರಿಕೊಳ್ಳುತ್ತದೆ. ಕೊಂದಷ್ಟೂ ಮರಿ, ಮರಿಯಿದ್ದಷ್ಟೂ ಹಸಿವು, ಹಸಿದಷ್ಟೂ ಕುರಿದೊಡ್ಡಿಗೆ ದಾರಿ. ಮರುವರ್ಷ ಮತ್ತೆ ಹೆಲಿಕಾಪ್ಟರು.

ಇನ್ನು ಕುರಿಗಳ ಕಥೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಐದೂವರೆ ಕೋಟಿಗೂ ಮೀರಿ ಕುರಿಗಳಿದ್ದವು. ಇವತ್ತು ಸುಮಾರು ಐವತ್ತು ಲಕ್ಷ. ಕೊಯೊಟಿಯಿಂದಲೇ ಉದ್ಯಮ ನೆಲ ಕಚ್ಚಿತು ಎಂದು ಕುರಿ ಸಾಕಣೆದಾರರ ಸಂಘಗಳು ಹೇಳುತ್ತಾ ಬಂದವು. ಕಿಮ್ ಬರ್ಗರ್ ಎಂಬ ಸಂಶೋಧಕಿ ದಶಕಗಳ ಅಂಕಿಅಂಶ ಹಿಡಿದು ಇದನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ಕುರಿಗಳ ಸಂಖ್ಯೆಯ ಏರಿಳಿತಕ್ಕೆ ತಾಳೆಯಾದದ್ದು ಮುಖ್ಯವಾಗಿ ಮೇವಿನ ಬೆಲೆ, ಆಳುಗಳ ಕೂಲಿ, ಮಾಂಸದ ಮಾರುಕಟ್ಟೆ ದರ. ಕೊಯೊಟಿ ಇನ್ನೂ ಕಾಲಿಡದಿದ್ದ ಪೂರ್ವದ ರಾಜ್ಯಗಳಲ್ಲೂ ಕುರಿಗಳು ಹೆಚ್ಚುಕಡಿಮೆ ಅದೇ ಬಗೆಯಲ್ಲಿ ಇಳಿದಿದ್ದವು. ಅಂದರೆ ಕುರಿ ಸಾಕುವವನನ್ನು ಮುಳುಗಿಸಿದ್ದು ಪೇಟೆ. ಸರ್ಕಾರ ಗುಂಡು ಹೊಡೆದದ್ದು ಕೊಯೊಟಿಗೆ. ಪೇಟೆಗೆ ಗುಂಡು ಹೊಡೆಯಲಾಗುವುದಿಲ್ಲವಲ್ಲ! ಕಣ್ಣಿಗೆ ಕಾಣುವ, ಓಟು ಹಾಕದ, ವಕೀಲರನ್ನು ಇಡದ ಅಪರಾಧಿಯೊಬ್ಬ ಸಿಕ್ಕರೆ ಯಾವ ಸರ್ಕಾರಕ್ಕಾದರೂ ಅನುಕೂಲವೇ.

ತೋಳದ ವಿಷಯದಲ್ಲಿ ವಿಜ್ಞಾನ ಇಷ್ಟು ಒಮ್ಮತಕ್ಕೆ ಬಂದಿಲ್ಲ. ತೋಳಗಳನ್ನು ಕೊಂದ ಮರುವರ್ಷ ಜಾನುವಾರು ನಷ್ಟ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ ಎಂದು ವೀಲ್ಗಸ್ ಮತ್ತು ಪೀಬಲ್ಸ್ 2014ರಲ್ಲಿ ಬರೆದರು. ಅದೇ ಅಂಕಿಗಳನ್ನು ಬೇರೆ ರೀತಿಯಲ್ಲಿ ಕೂಡಿ ಕಳೆದು ಅದು ನಿಲ್ಲುವುದಿಲ್ಲ ಎಂದವರೂ ಇದ್ದಾರೆ. ನನ್ನ ವಾದಕ್ಕೆ ಅನುಕೂಲವೆಂದು ಮೊದಲಿನದನ್ನಷ್ಟೇ ಹೇಳಿ ಎರಡನೆಯದನ್ನು ನುಂಗಿದರೆ ಅದು ವಕೀಲಿಕೆಯಾಗುತ್ತದೆ. ಏಡ್ರಿಯನ್ ಟ್ರೀವ್ಸ್ ಮತ್ತು ಸಂಗಡಿಗರು 2016ರಲ್ಲಿ ಅಮೆರಿಕ ಮತ್ತು ಯುರೋಪಿನ ಇಂಥ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಕೊಲ್ಲುವುದರಿಂದ ಜಾನುವಾರು ಉಳಿಯುತ್ತವೆ ಎಂಬುದಕ್ಕೆ ಗಟ್ಟಿಯಾದ, ಪ್ರಯೋಗಕ್ಕೊಡ್ಡಿದ ಪುರಾವೆ ತೀರಾ ಕಡಿಮೆ, ಕೊಲ್ಲದೆ ಕಾಯುವ ವಿಧಾನಗಳಿಗೆ ಪುರಾವೆ ಅದಕ್ಕಿಂತ ಮೇಲು. ಔಷಧವೊಂದನ್ನು ಮಾರುಕಟ್ಟೆಗೆ ಬಿಡುವ ಮುನ್ನ ಅದು ಕೆಲಸ ಮಾಡುತ್ತದೆಂದು ತೋರಿಸು ಎನ್ನುವ ಸರ್ಕಾರ, ವರ್ಷಕ್ಕೆ ಹತ್ತಾರು ಸಾವಿರ ಪ್ರಾಣಿಗಳನ್ನು ಕೊಲ್ಲುವ ಕಾರ್ಯಕ್ರಮಕ್ಕೆ ಆ ಪ್ರಶ್ನೆ ಹಾಕಿಕೊಂಡಿಲ್ಲ. ಪುರಾವೆಯ ಹೊರೆ ಇರಬೇಕಾದ್ದು ಕೊಲ್ಲುತ್ತೇನೆ ಎನ್ನುವವನ ಹೆಗಲ ಮೇಲೆ.

ಈ ಅನುಮಾನ ಇವತ್ತಿನದಲ್ಲ. 1920ರ ದಶಕದಲ್ಲೇ ಅಮೆರಿಕದ ಸಸ್ತನಿಶಾಸ್ತ್ರಜ್ಞರು ಸರ್ಕಾರದ ವಿಷಪ್ರಯೋಗಕ್ಕೆ ಎದುರಾಡಿದ್ದರು. ಆಲ್ಡೊ ಲಿಯೊಪೋಲ್ಡ್ ತರುಣ ಅರಣ್ಯಾಧಿಕಾರಿಯಾಗಿದ್ದಾಗ ನ್ಯೂ ಮೆಕ್ಸಿಕೊದಲ್ಲಿ ತೋಳಗಳ ನಿರ್ಮೂಲನಕ್ಕೆ ದನಿ ಎತ್ತಿದ್ದವರು. ತೋಳವಿಲ್ಲದ ಬೆಟ್ಟಗಳನ್ನು ಜಿಂಕೆಗಳು ಮೇಯ್ದು ಬೋಳಿಸಿದ್ದನ್ನು ಕಂಡು ನಿಲುವು ಬದಲಿಸಿಕೊಂಡರು. ಇದನ್ನು ಹೇಳುವ ಅವರ ಪುಸ್ತಕ 1949ರಲ್ಲಿ, ಅವರು ತೀರಿಕೊಂಡ ಮರುವರ್ಷ ಬಂತು. ಮುಂದೆ ಅವರ ಮಗ ಸ್ಟಾರ್ಕರ್ ಲಿಯೊಪೋಲ್ಡ್ ನೇತೃತ್ವದ ಸಮಿತಿಯನ್ನು ಸರ್ಕಾರವೇ ನೇಮಿಸಿತು. 1964ರ ಆ ವರದಿ ಈ ಕಾರ್ಯಕ್ರಮ ಅಗತ್ಯಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಲ್ಲುತ್ತಿದೆ ಎಂದು ನೇರವಾಗಿ ಹೇಳಿತು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಒಕ್ಕೂಟದ ಜಮೀನಿನಲ್ಲಿ ವಿಷ ಬಳಸುವುದನ್ನು ನಿಲ್ಲಿಸಿದರು. ಪರಿಸರದ ಹೆಸರು ಹೇಳಿಕೊಂಡು ಬಂದ ನಾಯಕರಲ್ಲ ನಿಕ್ಸನ್, ಆದರೂ ಆ ಆದೇಶ ಅವರದೇ. ಹತ್ತು ವರ್ಷಕ್ಕೆ ರೇಗನ್ ಅದನ್ನು ರದ್ದು ಮಾಡಿದರು. ಸಮಿತಿ ಬರುತ್ತದೆ, ವರದಿ ಬರುತ್ತದೆ, ಇಲಾಖೆ ಹೆಸರು ಬದಲಿಸಿಕೊಳ್ಳುತ್ತದೆ, ಕೆಲಸ ಮುಂದುವರಿಯುತ್ತದೆ.

ಈಗಂತೂ ರಾಜ್ಯಗಳು ಒಂದು ಹೆಜ್ಜೆ ಮುಂದೆ ಹೋಗಿವೆ. ಐಡಾಹೊ 2021ರಲ್ಲಿ ಮಾಡಿದ ಕಾನೂನು ರಾಜ್ಯದ ತೋಳಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಕೊಲ್ಲಲು ದಾರಿ ಮಾಡಿಕೊಟ್ಟಿತು, ಗುತ್ತಿಗೆದಾರರನ್ನು ನೇಮಿಸಿಕೊಳ್ಳಲೂ ಅವಕಾಶ ಕೊಟ್ಟಿತು. ಉರುಲು ಹಾಕುವವರಿಗೆ ತೋಳವೊಂದಕ್ಕೆ ಎರಡು ಸಾವಿರ ಡಾಲರಿನವರೆಗೆ ‘ಖರ್ಚಿನ ಮರುಪಾವತಿ’ ಸಿಗುತ್ತದೆ. ಇನಾಮು ಎಂದರೆ ಕೇಳಲು ಚೆನ್ನಾಗಿರುವುದಿಲ್ಲ ನೋಡಿ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ದನಗಳಿರುವ ಆ ರಾಜ್ಯದಲ್ಲಿ ತೋಳದಿಂದಲೇ ಸತ್ತವೆಂದು ದೃಢಪಟ್ಟ ಜಾನುವಾರು ವರ್ಷಕ್ಕೆ ಕೆಲವು ನೂರರೊಳಗೆ. ಬೆಟ್ಟಗಾಡಿನಲ್ಲಿ ಸತ್ತ ಕರುವಿನ ಹೆಣ ಎಷ್ಟೋ ಸಲ ಸಿಗುವುದೇ ಇಲ್ಲ ಎನ್ನುವ ರ‍್ಯಾಂಚಿನವರ ಮಾತಿನಲ್ಲಿ ನಿಜವಿದೆ. ಅದನ್ನು ಹಲವು ಪಟ್ಟು ಮಾಡಿಕೊಂಡರೂ ನೂರಕ್ಕೆ ತೊಂಬತ್ತು ಎಂಬ ಅಂಕಿಗೆ ಅದು ಸಮಜಾಯಿಷಿ ಆಗದು. ಅಲಾಸ್ಕದಲ್ಲಿ ಇನ್ನೊಂದು ಬಗೆ. ಮಲ್ಚಾಟ್ನಾ ಎಂಬ ಕ್ಯಾರಿಬೂ ಜಿಂಕೆಗಳ ಹಿಂಡು 1990ರ ದಶಕದಲ್ಲಿ ಎರಡು ಲಕ್ಷದ ಹತ್ತಿರವಿದ್ದದ್ದು ಹದಿಮೂರು ಸಾವಿರದ ಆಸುಪಾಸಿಗೆ ಕುಸಿಯಿತು. ಮೇವು, ರೋಗ, ಬೇಟೆ ಹೀಗೆ ಕಾರಣಗಳು ಹಲವಿದ್ದವು. ಸರ್ಕಾರ 2023ರಲ್ಲಿ ಹೆಲಿಕಾಪ್ಟರ್ ಹತ್ತಿಸಿ ಹತ್ತಿರ ಹತ್ತಿರ ನೂರು ಕರಡಿಗಳನ್ನು ಕೊಲ್ಲಿಸಿತು.

ನಮ್ಮಲ್ಲಿ ಇದೆಲ್ಲ ಇರಲಿಲ್ಲವೆಂದು ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ತಲೆಗಿಷ್ಟು ಎಂಬ ದರಪಟ್ಟಿಯನ್ನು ಬ್ರಿಟಿಷ್ ಭಾರತ ಇದಕ್ಕಿಂತ ಮೊದಲೇ ಬರೆದಿತ್ತು. ಹುಲಿಗೆ ಇಷ್ಟು, ಚಿರತೆಗೆ ಇಷ್ಟು, ತೋಳಕ್ಕೆ ಇಷ್ಟು, ಮರಿಯಾದರೆ ಕಡಿಮೆ. ಕಚೇರಿಗೆ ಚರ್ಮವನ್ನೋ ತಲೆಯನ್ನೋ ತಂದು ಒಪ್ಪಿಸಿದರೆ ಹಣ. ಇತಿಹಾಸಕಾರ ಮಹೇಶ್ ರಂಗರಾಜನ್ ಆ ಕಾಲದ ಕಡತಗಳಿಂದ ತೆಗೆದಿಟ್ಟ ಲೆಕ್ಕದ ಪ್ರಕಾರ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80 ಸಾವಿರಕ್ಕೂ ಹೆಚ್ಚು ಹುಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆ, ಎರಡು ಲಕ್ಷದಷ್ಟು ತೋಳಗಳು ಸತ್ತವು. ಶೋಕಿಗಾಗಿ ರಾಜರೂ ಸಾಹೇಬರೂ ಹೊಡೆದದ್ದರಲ್ಲಿ ಬಹುಪಾಲು ಈ ಲೆಕ್ಕದ ಆಚೆಗೆ. ಕಾಡು ಕಡಿದು ಉಳುಮೆ ಹಬ್ಬಿಸಿದರೆ ಕಂದಾಯ, ಹುಲಿಯಿದ್ದರೆ ಉಳುವವರು ಬರುವುದಿಲ್ಲ. ಆದ್ದರಿಂದ ಹುಲಿ ಕಂದಾಯದ ಶತ್ರು. ರೈತನ ಮೇಲಿನ ಮರುಕ ಅದರ ಮೇಲಿನ ಹೊದಿಕೆ.

ಆಗಲೂ ಇದು ತಪ್ಪು ಎಂದವರಿದ್ದರು, ಅವರಲ್ಲೊಬ್ಬ ನಮ್ಮ ಮೈಸೂರು ಸೀಮೆಯಲ್ಲೇ ಇದ್ದ. ಕಾಲುವೆಗಳ ಕೆಲಸದಲ್ಲಿದ್ದುಕೊಂಡು, ಚಾಮರಾಜನಗರದ ಕಡೆ ಖೆಡ್ಡಾ ಹೂಡಿ ಆನೆ ಹಿಡಿದು ಹೆಸರಾದ ಜಿ.ಪಿ. ಸ್ಯಾಂಡರ್ಸನ್. ಆತ ಅಹಿಂಸಾವಾದಿಯೇನಲ್ಲ, ಪಕ್ಕಾ ಶಿಕಾರಿ. ಹುಲಿಗಳನ್ನು ಹೊಡೆದದ್ದನ್ನು ಹೆಮ್ಮೆಯಿಂದ ಬರೆದುಕೊಂಡವನು. ಆದರೆ 1878ರ ತನ್ನ ಪುಸ್ತಕದಲ್ಲಿ ಹುಲಿಯನ್ನು ಸಾರಾಸಗಟಾಗಿ ಪೀಡೆಯೆಂದು ಸಾರಿ ಹೇಗೆಂದರೆ ಹಾಗೆ ಕೊಲ್ಲಿಸುವುದನ್ನು ಆತ ಖಂಡಿಸುತ್ತಾನೆ. ಹೊಲಕ್ಕೆ ನುಗ್ಗುವ ಹಂದಿ, ಜಿಂಕೆಗಳನ್ನು ಹಿಡಿತದಲ್ಲಿಟ್ಟು ಹುಲಿ ರೈತನಿಗೆ ಉಪಕಾರವನ್ನೇ ಮಾಡುತ್ತದೆ ಎಂಬುದು ಆತನ ವಾದ. ದನ ಹಿಡಿಯುವ ಹುಲಿ, ಕಾಡುಮೃಗ ತಿಂದು ಬದುಕುವ ಹುಲಿ, ನರಭಕ್ಷಕ ಹುಲಿ ಬೇರೆ ಬೇರೆ ಎಂಬ ಭೇದವನ್ನು ಅವನು ಮಾಡುತ್ತಾನೆ. ನೂರೈವತ್ತು ವರ್ಷಗಳ ಹಿಂದೆ ಬಂದೂಕು ಹಿಡಿದ ಮನುಷ್ಯನಿಗೆ ಹೊಳೆದಿದ್ದ ಈ ಭೇದ ಇನಾಮಿನ ದರಪಟ್ಟಿಗೆ ಗೊತ್ತಿರಲಿಲ್ಲ. ಯಾವ ಹುಲಿಯಾದರೂ ದರ ಒಂದೇ. ಹಾಗಾದಾಗ ಹಣದಾಸೆಗೆ ಹೊರಟವನು ಊರ ಪಕ್ಕದ ಕಿಲಾಡಿ ಹುಲಿಯನ್ನು ಹುಡುಕುವುದಿಲ್ಲ, ಕೈಗೆ ಸುಲಭಕ್ಕೆ ಸಿಗುವುದನ್ನು ಹೊಡೆಯುತ್ತಾನೆ.

ಜನರು ತಾವೇ ಹುಲಿ ಕೊಲ್ಲುತ್ತಿರಲಿಲ್ಲವೇ ಎಂದರೆ, ಕೊಲ್ಲುತ್ತಿದ್ದರು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಊರಿಗೂರೇ ಸೇರಿ ಬಲೆ ಕಟ್ಟಿ ಈಟಿಯಿಂದ ತಿವಿಯುತ್ತಿದ್ದರು. ಕೊಡಗಿನಲ್ಲಿ ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ ಸತ್ತ ಹುಲಿಯ ಪಕ್ಕ ಕೂರಿಸಿ ‘ನರಿಮಂಗಲ’ ನಡೆಸುತ್ತಿದ್ದರು. ಇದನ್ನು ಹೊಗಳಿ ಹಾಡಬೇಕಿಲ್ಲ. ಆದರೆ ಊರಿಗೆ ಕಂಟಕವಾದ ಒಂದು ಹುಲಿಯನ್ನು ಜೀವ ಒತ್ತೆಯಿಟ್ಟು ಕೊಂದು ಅದಕ್ಕೆ ಮರ್ಯಾದೆ ಮಾಡುವುದು ಬೇರೆ, ತಿಂಗಳ ಕೊನೆಗೆ ಚರ್ಮ ಎಣಿಸಿ ರಸೀದಿ ಹರಿಯುವುದು ಬೇರೆ.

ಹುಲಿಗೂ ಚಿರತೆಗೂ ಕೊನೆಗೆ ಭಕ್ತರು ಸಿಕ್ಕರು. ಸೀಳುನಾಯಿಗೆ ಬಹುಕಾಲ ಯಾರೂ ಸಿಗಲಿಲ್ಲ. ಅದು ಜಿಂಕೆಯನ್ನು ಜೀವಂತ ಹರಿದು ತಿನ್ನುತ್ತದೆಂದು ಶಿಕಾರಿಗಳಿಗೆ ಅಸಹ್ಯ. ತಾವು ಹೊಡೆಯಬೇಕಾದ ಜಿಂಕೆಯನ್ನು ಅದು ತಿನ್ನುತ್ತದೆಂಬುದು ಒಳಗಿನ ಸಿಟ್ಟು. ಕಾಡು ಕಾಯಬೇಕಾದ ಅರಣ್ಯ ಇಲಾಖೆಗಳೇ ಅದನ್ನು ಕೊಂದವರಿಗೆ ಇನಾಮು ಕೊಡುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವ ತನಕ ಇದು ನಡೆಯಿತು. ಅದಾದ ಕೆಲವೇ ವರ್ಷಗಳಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಅವುಗಳ ಹಿಂದೆ ಅಲೆದು ಮೊದಲ ಗಂಭೀರ ಅಧ್ಯಯನ ಮಾಡಿದರು. ಮುಂದೆ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿ ಹೇಗೆ ಬದುಕುತ್ತವೆ ಎಂಬುದನ್ನು ತೋರಿಸಿದರು. ಹುಲಿ ಕಾಟಿ, ಕಡವೆಯಂಥ ದೊಡ್ಡ ಮೃಗಗಳ ಕಡೆ ಒಲಿದರೆ ಉಳಿದೆರಡು ಅದಕ್ಕಿಂತ ಸಣ್ಣವನ್ನು ಹಿಡಿಯುತ್ತವೆ. ಸೀಳುನಾಯಿಯಿಂದ ಜಿಂಕೆ ಕುಲವೇ ನಾಶವಾಗುತ್ತದೆ ಎಂದು ದಶಕಗಟ್ಟಲೆ ಹಣ ಹಂಚಿದ್ದೆವು. ಸೀಳುನಾಯಿ ಇದ್ದ ನಾಗರಹೊಳೆಯಲ್ಲಿ ಜಿಂಕೆಗೆ ಬರ ಬರಲಿಲ್ಲ. ಇಂದು ಜಗತ್ತಿನಲ್ಲೇ ಮರಿ ಹಾಕುವ ವಯಸ್ಸಿನ ಸೀಳುನಾಯಿಗಳು ಸುಮಾರು ಎರಡು ಸಾವಿರ ಉಳಿದಿರಬಹುದೆಂದು ಅಂದಾಜು.

ಹೀಗೆ ಕೊಲ್ಲಿಸಿದ ಬೊಕ್ಕಸವೇ ಎಷ್ಟೋ ಸಲ ಮತ್ತೆ ತರಿಸಲು ದುಡ್ಡು ಸುರಿಯಬೇಕಾಗುತ್ತದೆ. ಯೆಲ್ಲೋಸ್ಟೋನಿನಲ್ಲಿ ಸರ್ಕಾರಿ ನೌಕರರು ಕೊನೆಯ ತೋಳಗಳನ್ನು ಕೊಂದದ್ದು 1926ರಲ್ಲಿ. 1995ರಲ್ಲಿ ಕೆನಡಾದಿಂದ ಹದಿನಾಲ್ಕು ತೋಳಗಳನ್ನು ಹಿಡಿದು ತಂದು ಅಲ್ಲಿ ಬಿಡಲಾಯಿತು, ಮರುವರ್ಷ ಇನ್ನೂ ಹದಿನೇಳು. ನಮ್ಮ ಚೀತಾ ಅಳಿದದ್ದಕ್ಕೆ ಬೇಟೆ, ಹಿಡಿದು ಪಳಗಿಸುವ ಖಯಾಲಿ, ಹುಲ್ಲುಗಾವಲು ನಾಶ ಎಲ್ಲವೂ ಕಾರಣ. ಆದರೆ ಬ್ರಿಟಿಷ್ ಆಡಳಿತ ಅದರ ತಲೆಗೂ ಇನಾಮು ಕೊಟ್ಟಿತ್ತು ಎಂಬುದನ್ನು ಮರೆಯಬಾರದು. 1952ರಲ್ಲಿ ಚೀತಾ ಇಲ್ಲವಾಯಿತೆಂದು ಸಾರಿದೆವು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಕುನೋದಲ್ಲಿ ಇಳಿಸಿದೆವು.

ಇಷ್ಟು ಓದಿ, ಬೆಂಗಳೂರಿನಲ್ಲಿ ಕೂತು ತೋಳದ ಪರ ಬರೆಯುವುದು ಸುಲಭ, ಮರಿ ಕಳೆದುಕೊಂಡವನಿಗೆ ಗೊತ್ತು ಅದರ ನೋವು ಎಂದು ಯಾರಾದರೂ ಅಂದರೆ ಅದು ನ್ಯಾಯವಾದ ಮಾತು. ನಮ್ಮ ವಾದದಲ್ಲಿ ಅತಿ ದುರ್ಬಲವಾದ ಜಾಗವೂ ಅದೇ. ಹುಲಿಯ ಫೋಟೊ ನಗರದವನ ಗೋಡೆಗೆ, ಹುಲಿಯ ಬಾಯಿ ಹಾಡಿಯವನ ದನಕ್ಕೆ ಎಂಬಂತೆ ಸಂರಕ್ಷಣೆ ನಡೆದರೆ ಅದು ಹೆಚ್ಚು ದಿನ ನಡೆಯದು. 2025ರ ಕೊನೆಯಲ್ಲಿ ಸರಗೂರಿನ ಕಡೆ ಹುಲಿಗೆ ರೈತರು ಬಲಿಯಾದಾಗ ಎದ್ದ ಆಕ್ರೋಶಕ್ಕೆ ಬಂಡೀಪುರ, ನಾಗರಹೊಳೆಯ ಸಫಾರಿಗಳೇ ನಿಂತವು. ಅದೇ ವರ್ಷ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಹಸುವಿನ ಹೆಣಕ್ಕೆ ಹಾಕಿದ ವಿಷದಿಂದ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ 2024ರಲ್ಲಿ ತೋಳಗಳು ಕೊಂದದ್ದು ಹೆಚ್ಚಾಗಿ ಮಕ್ಕಳನ್ನು. ಮನುಷ್ಯರ ಮೇಲೆ ಬಿದ್ದು ಕೊಲ್ಲುವುದನ್ನೇ ಅಭ್ಯಾಸ ಮಾಡಿಕೊಂಡ ಪ್ರಾಣಿಯನ್ನು ಹಿಡಿಯಬೇಕು; ಹಿಡಿಯಲಾಗದಿದ್ದರೆ ಕೊಲ್ಲಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಮ್ಮ ಕಾಯಿದೆಯ 11ನೇ ಕಲಮು ಹೇಳುವುದೂ ಇದನ್ನೇ. ಮೊದಲ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯವಾಗಿದ್ದರೆ, ಅದನ್ನು ಹಿಡಿಯಲು, ಅರಿವಳಿಕೆ ಕೊಟ್ಟು ಸಾಗಿಸಲು ಸಾಧ್ಯವೇ ಇಲ್ಲವೆಂದು ಮನವರಿಕೆಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣಗಳನ್ನು ಬರೆದು ಕೊಲ್ಲಲು ಅನುಮತಿ ಕೊಡಬಹುದು. ಆ ಅನುಮತಿ ಒಂದು ಗುರುತಿಸಿದ ಪ್ರಾಣಿಗೆ. ತಾಲ್ಲೂಕಿನ ಹುಲಿಗಳಿಗೆಲ್ಲ ಅಲ್ಲ. 2018ರ ನವೆಂಬರಿನಲ್ಲಿ ಯವತ್ಮಾಳದಲ್ಲಿ ಅವನಿ ಎಂಬ ಹುಲಿಯನ್ನು ಕೊಂದಾಗ ದೇಶವೇ ಕೂಗಾಡಿತು. ಹದಿಮೂರು ಸಾವುಗಳ ಆರೋಪ ಹೊತ್ತಿದ್ದ ಹುಲಿಯನ್ನು ತೆಗೆದದ್ದು ತಪ್ಪೆಂದು ನಾನು ಹೇಳಲಾರೆ. ರಾತ್ರಿಯಲ್ಲಿ, ಖಾಸಗಿ ಗುರಿಕಾರರನ್ನು ಕರೆಸಿ, ನಿಯಮಗಳ ಬಗ್ಗೆ ಅಷ್ಟು ಪ್ರಶ್ನೆಗಳೇಳುವಂತೆ ಅದನ್ನು ಮಾಡಿದ್ದು ತಪ್ಪು. ಈಗ ಕೇರಳದಂಥ ರಾಜ್ಯಗಳು ಈ ಕಾಯಿದೆಯನ್ನೇ ಸಡಿಲಿಸಲು ಹೊರಟಿವೆ. ಗುರುತಿಸಿದ ಒಂದು ಪ್ರಾಣಿ ಎಂಬ ಕಟ್ಟು ಸಡಿಲವಾದರೆ ಮುಂದಿನ ಮೆಟ್ಟಿಲು ದರಪಟ್ಟಿಯೇ.

ಸರ್ಕಾರ ಆಗಾಗ ಒಂದೆರಡನ್ನು ಕೊಲ್ಲುತ್ತಿದ್ದರೆ ಜನರ ಸಿಟ್ಟು ತಣಿದು ಕಳ್ಳತನದಲ್ಲಿ ವಿಷ ಹಾಕುವುದು ನಿಲ್ಲುತ್ತದೆ ಎಂಬ ವಾದವೊಂದಿದೆ. ಕೇಳಲು ಜಾಣತನದಂತಿದೆ. ಅಮೆರಿಕದ ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳ ತೋಳಗಳ ಸಂಖ್ಯೆಯನ್ನು ಹಿಡಿದುಕೊಂಡು ಶಾಪ್ರಾನ್ ಮತ್ತು ಟ್ರೀವ್ಸ್ 2016ರಲ್ಲಿ ಇದನ್ನು ಒರೆಗೆ ಹಚ್ಚಿದರು. ಸರ್ಕಾರ ಕೊಲ್ಲಲು ಅನುಮತಿ ಕೊಟ್ಟ ಅವಧಿಗಳಲ್ಲಿ ಕಳ್ಳಬೇಟೆ ಇಳಿಯುವ ಬದಲು ಏರಿದ ಸೂಚನೆ ಅವರಿಗೆ ಕಂಡಿತು. ಇದರ ಮೇಲೂ ವಾಗ್ವಾದ ನಡೆದಿದೆ. ಆದರೆ ತರ್ಕ ಸರಳ. ಸರ್ಕಾರವೇ ಇದಕ್ಕೆ ಬೆಲೆಯಿಲ್ಲವೆಂದು ಸಾರಿದರೆ ಜನರು ಬೆಲೆ ಕೊಡುವುದೇಕೆ?

ಜುನ್ನರ್‌ನ ಪಾಠವನ್ನೂ ಇಲ್ಲಿ ಹೇಳಬೇಕು. ಮಹಾರಾಷ್ಟ್ರದ ಆ ಕಬ್ಬಿನ ಸೀಮೆಯಲ್ಲಿ 2000ದ ಸುಮಾರಿಗೆ ಅರಣ್ಯ ಇಲಾಖೆ ಚಿರತೆಗಳನ್ನು ಬೋನಿಗೆ ಕೆಡವಿ ದೂರದ ಕಾಡಿಗೆ ಸಾಗಿಸತೊಡಗಿತು. ಕೊಲ್ಲಲಿಲ್ಲ, ಕರುಣೆಯಿಂದಲೇ ಸಾಗಿಸಿತು. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ ಕಂಡದ್ದು, ಸಾಗಣೆ ಶುರುವಾದ ಮೇಲೆ ಮನುಷ್ಯರ ಮೇಲಿನ ದಾಳಿಗಳು ಹಲವು ಪಟ್ಟು ಹೆಚ್ಚಿದ್ದು. ನೆಲ ಗೊತ್ತಿದ್ದ ಚಿರತೆ ಹೋಗಿ ಗೊತ್ತಿಲ್ಲದ ಚಿರತೆ ಬಂದಿತ್ತು. ನಮ್ಮ ಊರುಗಳಲ್ಲಿ ಚಿರತೆಯ ಹೆಜ್ಜೆ ಕಂಡ ಮರುದಿನವೇ ಬೋನಿಡಿ ಎಂದು ಶಾಸಕರಿಗೆ ಫೋನು ಹೋಗುತ್ತದೆ. ಬೋನು ಬಂದರೆ ಎಲ್ಲರಿಗೂ ಸಮಾಧಾನ. ಯಾವ ಚಿರತೆ ಬಿತ್ತು ಎಂದು ಯಾರೂ ಕೇಳುವುದಿಲ್ಲ.

ಕೊಲ್ಲದೆ ಕಾಯುವುದು ಹೇಗೆ ಎಂಬುದಕ್ಕೆ ಅಮೆರಿಕದಲ್ಲೇ ಉತ್ತರವಿದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ 2000ದ ಸುಮಾರಿಗೆ ವೈಲ್ಡ್‌ಲೈಫ್ ಸರ್ವಿಸಸ್ ಜೊತೆಗಿನ ಗುತ್ತಿಗೆ ಕೈಬಿಟ್ಟು, ಅದೇ ಹಣದಲ್ಲಿ ಸಾಕಣೆದಾರರಿಗೆ ಬೇಲಿ, ಕಾವಲು ನಾಯಿ, ಲಾಮಾಗಳಿಗೆ ನೆರವು ಕೊಟ್ಟಿತು. ಕ್ರಮೇಣ ಕುರಿಗಳ ನಷ್ಟ ತಗ್ಗಿತು. ತೊಂಬತ್ತರಷ್ಟು ಕೊಲ್ಲಬಹುದು ಎಂದ ಐಡಾಹೊದಲ್ಲೇ ವುಡ್ ರಿವರ್ ಕಣಿವೆಯಲ್ಲಿ ನಾಯಿ, ರಾತ್ರಿ ಕಾವಲು, ಬೆಳಕು, ಸದ್ದು, ಬಣ್ಣದ ಬಟ್ಟೆ ಕಟ್ಟಿದ ಹಗ್ಗದ ಬೇಲಿ ಬಳಸಿ ಏಳು ವರ್ಷ ಸಾವಿರಾರು ಕುರಿಗಳನ್ನು ಮೇಯಿಸಿ ನೋಡಿದರು. ತೋಳಕ್ಕೆ ಹೋದದ್ದು ಹತ್ತು ಸಾವಿರಕ್ಕೆ ಎರಡರ ಲೆಕ್ಕದಲ್ಲಿ. ಪಕ್ಕದಲ್ಲೇ, ತೋಳ ಕೊಲ್ಲುತ್ತಿದ್ದ ಕಡೆ ನಷ್ಟ ಅದರ ಮೂರೂವರೆ ಪಟ್ಟು.

ಇದನ್ನು ಓದಿದಾಗ ನನಗೆ ಸ್ವಲ್ಪ ನಗುವೂ ಬಂತು. ಕೊಪ್ಪಳ, ಗದಗ, ಬಳ್ಳಾರಿ ಕಡೆಯ ಬಯಲಿನಲ್ಲಿ ಕುರಿ ಅಟ್ಟಿಕೊಂಡು ಹೋಗುವ ಕುರುಬರ ಬೀಡನ್ನು ರಾತ್ರಿ ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಯಾರದೋ ಹೊಲದಲ್ಲಿ ಹಿಂಡು ತರುಬಿ, ಸುತ್ತ ಬಲೆ ಬಿಗಿದು, ಎಳೆಮರಿಗಳನ್ನು ಬುಟ್ಟಿಯಡಿ ಮುಚ್ಚಿ, ನಾಲ್ಕು ಮೂಲೆಗೆ ಕಂಬಳಿ ಹೊದ್ದ ಗಂಡಸರು ಅರೆನಿದ್ದೆಯಲ್ಲಿ, ಆಚೆಗೆ ನಾಯಿಗಳು. ಇಷ್ಟಾದರೂ ತೋಳ ಒಂದೊಂದು ಸಲ ಮರಿ ಎತ್ತುತ್ತದೆ. ಬೈಯುತ್ತಾರೆ, ಬೆನ್ನಟ್ಟುತ್ತಾರೆ, ಬೆಳಗಾದರೆ ಹಿಂಡು ಮುಂದಿನ ಊರಿಗೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ರಾಜ್ಯ ಸರ್ಕಾರ ತೋಳಗಳಿಗೆಂದೇ ಧಾಮ ಮಾಡಿದೆ. ಒಳ್ಳೆಯ ಕೆಲಸ. ಆದರೆ ತೋಳ ಧಾಮದ ಗೆರೆ ನೋಡಿ ಓಡಾಡುವುದಿಲ್ಲ. ಅದರ ಬಹುಪಾಲು ಬದುಕು ಕಂದಾಯ ಭೂಮಿಯಲ್ಲಿ, ಈ ಕುರಿಗಾಹಿಗಳ ನಡುವೆ. ಅವರಿಗೆ ಪರಿಹಾರ ಸಿಗಬೇಕಾದರೆ ಪಶುವೈದ್ಯರು ಬರಬೇಕು, ಮಹಜರು ಆಗಬೇಕು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಬೇಕು. ಹಿಂಡಿನೊಡನೆ ಮೂರು ಜಿಲ್ಲೆ ದಾಟುವವನು ಸತ್ತ ಮರಿಯನ್ನು ಕಾಯುತ್ತಾ ಎಷ್ಟು ದಿನ ಕೂರಬೇಕು?

ಹಾಗಾಗಿ ಕೊಲ್ಲಬೇಡಿ ಎನ್ನುವವರು ಮೊದಲು ನಿಲ್ಲಬೇಕಾದ್ದು ಈ ಕುರಿಗಾಹಿಯ ಪಕ್ಕದಲ್ಲಿ. ಮುಂದಿನ ಸಲ ನಿಮ್ಮ ತಾಲ್ಲೂಕಿನಲ್ಲಿ ಚಿರತೆಗೋ ತೋಳಕ್ಕೋ ಗುಂಡು ಹೊಡೆಯಿರಿ ಎಂಬ ಕೂಗೆದ್ದಾಗ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಒಂದು ಪ್ರಶ್ನೆ ಕೇಳಿ: ಹೋದ ವರ್ಷ ಜಾನುವಾರು ಪರಿಹಾರಕ್ಕೆ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಹಣ ಹೋಯಿತು, ಎಷ್ಟು ದಿನ ಹಿಡಿಯಿತು? ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು.